ಮನೆಯ ಕಾಗದಪತ್ರಗಳೂ ನಾಡಿನ ಚರಿತ್ರೆಯೂ

ಧರ್ಮಕೇಂದ್ರದ ಶತಮಾನೋತ್ಸವದ ಸ್ಮರಣ ಸಂಚಿಕೆಗೆ ಚರಿತ್ರೆಯನ್ನು ಕುರಿತು ಲೇಖನವೊಂದನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ ಸಂತೋಷದಿಂದ ಒಪ್ಪಿಕೊಂಡೆ. ಬರೆಯಲು ಕುಳಿತ ಮೇಲೆ ಅದರ ಕಷ್ಟ ತಿಳಿಯಿತು. ದೇವಾಲಯದ ಚರಿತ್ರೆಯೆಂದರೆ ಕಲ್ಲು ಗಾರೆಗಳ ಚರಿತ್ರೆ ಮಾತ್ರವಲ್ಲ. ಸೇವೆ ಸಲ್ಲಿಸಿದ ಗುರುಗಳ ಹೆಸರುಗಳ ಪಟ್ಟಿಯೂ ಮಾತ್ರವಲ್ಲ. ಅಲ್ಲಿ ಮೊಣಕಾಲೂರಿ ಪ್ರಾರ್ಥಿಸಿದ ಜನ ಯಾವ ಊರಿನಿಂದ ಬಂದರು, ಏತಕ್ಕಾಗಿ ಬಂದರು, ಏನು ಕೆಲಸ ಮಾಡಿ ಮಕ್ಕಳನ್ನು ಸಾಕಿದರು ಎಂಬುದೇ ಅದರ ನಿಜವಾದ ತಿರುಳು. ಅದನ್ನು ತಿಳಿಯಬೇಕಾದರೆ ನೋಡಬೇಕಾದದ್ದು ಮನೆಮನೆಯ ಕಾಗದಪತ್ರಗಳನ್ನು. ಅವು ಎಲ್ಲಿವೆ?

ಬೇರೆಯವರನ್ನು ಕೇಳುವ ಮುನ್ನ ನನ್ನ ಮನೆಯ ತಪ್ಪನ್ನೇ ಒಪ್ಪಿಕೊಳ್ಳಬೇಕು. ನಮ್ಮ ತಾತನವರ ಕಾಲದ ತಗಡಿನ ಪೆಟ್ಟಿಗೆಯೊಂದು ಬಹಳ ವರ್ಷ ನಮ್ಮ ಅಟ್ಟದ ಮೇಲಿತ್ತು. ಅದರಲ್ಲಿ ಊರಿನ ಜಮೀನಿನ ಪತ್ರಗಳು, ಮದುವೆಯ ಲಗ್ನಪತ್ರಿಕೆಗಳು, ಸಾಲದ ಚೀಟಿಗಳು, ದೂರದ ಬಂಧುಗಳು ಬರೆದ ಓಲೆಗಳು ಎಲ್ಲವೂ ಇದ್ದವು. ಮನೆಗೆ ಸುಣ್ಣ ಬಳಿಸಿದ ಒಂದು ವರ್ಷ, ಗೆದ್ದಲು ಹಿಡಿದೀತೆಂಬ ನೆಪದಲ್ಲಿ, ಅದನ್ನೆಲ್ಲ ಹಳೆಯ ಕಾಗದ ಕೊಳ್ಳುವವನಿಗೆ ತೂಕಕ್ಕೆ ಹಾಕಿಬಿಟ್ಟೆವು. ಉಳಿದದ್ದು ಒಂದೇ: ಅಜ್ಜಿಯ ಜಪದ ಪುಸ್ತಕದೊಳಗೆ ಮಡಿಸಿಟ್ಟಿದ್ದ ಒಂದು ಜ್ಞಾನಸ್ನಾನದ ಚೀಟಿ. ಆ ಚೀಟಿಯೇ ಈ ಲೇಖನಕ್ಕೆ ಪ್ರೇರಣೆ.

ದೊರೆಗಳ ಮನೆಯ ಕಾಗದಗಳು

ನಮ್ಮ ನಾಡಿನ ಆಂಗ್ಲ ಆಳ್ವಿಕೆಯ ಕಾಲದ ಚರಿತ್ರೆಯನ್ನು ಬರೆದವರು ಯಾವ ಆಧಾರಗಳನ್ನು ಬಳಸಿದರೆಂದು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಸರಕಾರದ ದಫ್ತರಗಳ ಜೊತೆಗೆ ಕುಟುಂಬಗಳ ಖಾಸಗಿ ಪತ್ರಗಳೂ ಅವರಿಗೆ ನೆರವಾಗಿವೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಮದರಾಸಿನ ಗವರ್ನರನಾಗಿದ್ದವನು ಎಡ್ವರ್ಡ್ ಕ್ಲೈವ್. ಅವನ ಮನೆತನದ ಪತ್ರಗಳು ಇಂದು ವೇಲ್ಸ್ ನಾಡಿನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಪಟ್ಟಣ ಬಿದ್ದ ಮೇಲೆ ಅಲ್ಲಿಯ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ಮುಂದೆ ವೆಲಿಂಗ್ಟನ್ ಡ್ಯೂಕನಾದ; ಅವನ ಪತ್ರಸಂಗ್ರಹ 1983ರಲ್ಲಿ ಸೌಥಾಂಪ್ಟನ್ ವಿಶ್ವವಿದ್ಯಾಲಯಕ್ಕೆ ಸೇರಿತು. ಅದೇ 1799ರಲ್ಲಿ ಕನ್ನಡ ಜಿಲ್ಲೆಯ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ತನ್ನ ಮನೆಯವರಿಗೆ ಬರೆದ ಪತ್ರಗಳು ಅವನ ಮರಣಾನಂತರ, 1830ರಲ್ಲಿ ಅಚ್ಚಾದ ಜೀವನಚರಿತ್ರೆಯಲ್ಲಿ ಸೇರಿಕೊಂಡವು. ಅವುಗಳಲ್ಲಿ ಸೋದರಿ ಎರ್ಸ್ಕಿನ್‌ಗೆ ಬರೆದ ಪತ್ರಗಳೂ ಇವೆ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಅಣ್ಣ ತಂಗಿಗೆ ಬರೆದ ಕಾಗದ ಬರೆಯುವಾಗ ಚರಿತ್ರೆಯಾಗಿರಲಿಲ್ಲ. ಮನೆಯವರು ಅದನ್ನು ಒಲೆಗೆ ಹಾಕದೆ ಜೋಪಾನವಾಗಿ ಇಟ್ಟುಕೊಂಡದ್ದರಿಂದ ಅದು ಚರಿತ್ರೆಯಾಯಿತು. ಹೀಗಾಗಿ ನಮ್ಮ ನಾಡಿನ ಆ ಕಾಲವನ್ನು ನಾವು ಕಾಣುವುದು ಬಹುಮಟ್ಟಿಗೆ ಆಳಿದವರ ಕಣ್ಣುಗಳಿಂದ. ಅವರ ಮನೆಗಳಲ್ಲಿ ಪತ್ರಗಳು ಉಳಿದವು. ಕಂದಾಯ ಕೊಟ್ಟ ರೈತನ ಮನೆಯಲ್ಲಿ, ಭಾರ ಹೊತ್ತ ಕೂಲಿಯ ಮನೆಯಲ್ಲಿ ಉಳಿಯಲಿಲ್ಲ.

ಕಡತಗಳೂ ಕೈಫಿಯತ್ತುಗಳೂ

ಹಾಗೆಂದು ನಮ್ಮ ಜನ ಏನನ್ನೂ ಬರೆದಿಡುತ್ತಿರಲಿಲ್ಲವೆಂದು ತಿಳಿಯಬಾರದು. ಇಂದು ಕಚೇರಿಗಳಲ್ಲಿ ‘ಕಡತ’ವೆಂದರೆ ಕಾಗದಗಳ ಕಟ್ಟು. ಹಿಂದೆ ಆ ಮಾತಿಗೆ ಬೇರೆಯದೇ ಅರ್ಥವಿತ್ತು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಕಪ್ಪು ಮೈಮೇಲೆ ಬಳಪದಿಂದ ಬರೆಯುತ್ತಿದ್ದರು. ಶಾನುಭೋಗರ ಲೆಕ್ಕ, ವರ್ತಕರ ಬಾಕಿ, ಮನೆತನದ ವೃತ್ತಾಂತ ಎಲ್ಲವೂ ಕಡತಕ್ಕೆ ಏರುತ್ತಿದ್ದವು.

ಇಂತಹ ಬರಹಗಳನ್ನು ಮೊಟ್ಟಮೊದಲು ದೊಡ್ಡ ಪ್ರಮಾಣದಲ್ಲಿ ಸಂಗ್ರಹಿಸಿದವನು ಕರ್ನಲ್ ಕಾಲಿನ್ ಮೆಕೆಂಜಿ. ಸ್ಕಾಟ್ಲೆಂಡಿನ ಸ್ಟಾರ್ನೊವೇ ಎಂಬ ಊರಿನವನಾದ ಈತ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಭಾಗವಹಿಸಿ, ಆ ಬಳಿಕ ಮೈಸೂರು ಸೀಮೆಯ ಮೋಜಣಿಯ ಹೊಣೆ ಹೊತ್ತ. ಅವನ ಬಲಗೈಯಾಗಿದ್ದವರು ತೆಲುಗು ನಾಡಿನ ಕಾವಲಿ ಸೋದರರಾದ ಬೋರಯ್ಯ ಮತ್ತು ಲಕ್ಷ್ಮಯ್ಯ. 1803ರಲ್ಲಿ ಬೋರಯ್ಯ ತೀರಿಕೊಂಡ ಮೇಲೆ ಲಕ್ಷ್ಮಯ್ಯ ಆ ಕೆಲಸವನ್ನು ಮುಂದುವರಿಸಿದ. ಊರೂರಿಗೆ ಹೋಗಿ, ಗೌಡ ಶಾನುಭೋಗರನ್ನು ಕಂಡು, ಮಠ ದೇಗುಲಗಳ ಬಾಗಿಲು ತಟ್ಟಿ, ಸ್ಥಳವೃತ್ತಾಂತಗಳನ್ನು ಅವರು ಬರೆಸಿಕೊಂಡರು. ಅವೇ ‘ಕೈಫಿಯತ್ತು’ಗಳು. 1821ರಲ್ಲಿ ಮೆಕೆಂಜಿ ಮಡಿದಾಗ ಅವನ ಸಂಗ್ರಹವನ್ನು ಕಂಪನಿ ಸರಕಾರ ಅವನ ಪತ್ನಿಯಿಂದ ಒಂದು ಲಕ್ಷ ರೂಪಾಯಿಗೆ ಕೊಂಡುಕೊಂಡಿತು. ಅದರ ಒಂದು ಪಾಲು ಲಂಡನ್ನಿಗೆ ಹೋಯಿತು. ದಕ್ಷಿಣದ ಭಾಷೆಗಳ ಬಹುಪಾಲು ಮದರಾಸಿನಲ್ಲಿ ಉಳಿಯಿತು. ಕನ್ನಡ ಕೈಫಿಯತ್ತುಗಳು ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಗ್ರಂಥರೂಪವಾಗಿ ಹೊರಬಂದದ್ದು 1994ರಲ್ಲಿ. ಹಳ್ಳಿಯವರು ಹೇಳಿ ಬರೆಯಿಸಿದ ಮಾತು ಹಳ್ಳಿಯವರ ಮೊಮ್ಮಕ್ಕಳಿಗೆ ಪುಸ್ತಕವಾಗಿ ಮರಳಲು ಹೆಚ್ಚುಕಡಿಮೆ ಇನ್ನೂರು ವರ್ಷ ಬೇಕಾಯಿತು.

ಮೆಕೆಂಜಿಯ ಶ್ರಮ ಶ್ಲಾಘ್ಯವೇ. ಆದರೂ ಹೊಸದಾಗಿ ಗೆದ್ದ ಸೀಮೆಯ ನೆಲ, ನೀರು, ಹಕ್ಕುಬಾಧ್ಯತೆಗಳನ್ನು ಅರಿಯುವುದು ಕಂಪನಿಯ ಅಗತ್ಯವೂ ಆಗಿತ್ತೆಂಬುದನ್ನು ಮರೆಯಲಾಗದು. ಸಂಗ್ರಹಿಸುವವನ ಉದ್ದೇಶ ಯಾವುದೋ ಅದರಂತೆ ಸಂಗ್ರಹದ ಸ್ವರೂಪ. ಆದುದರಿಂದಲೇ ನಮ್ಮ ಕಥೆಯನ್ನು ನಾವೇ ಕೂಡಿಡಬೇಕು.

ಒಬ್ಬ ಅರಸ, ಎರಡು ಬಗೆಯ ಪತ್ರಗಳು

ಪತ್ರಗಳು ಏಕೆ ಬೇಕು ಎಂಬುದಕ್ಕೆ ಟಿಪ್ಪು ಸುಲ್ತಾನನ ವಿಷಯಕ್ಕಿಂತ ಹೆಚ್ಚಿನ ನಿದರ್ಶನ ಬೇಕಿಲ್ಲ. ಕರಾವಳಿಯ ಕಥೋಲಿಕರು 1784ರಲ್ಲಿ ಸೆರೆಸಿಕ್ಕಿ, ಘಟ್ಟ ಹತ್ತಿ, ಶ್ರೀರಂಗಪಟ್ಟಣದವರೆಗೆ ನಡೆದ ದಾರುಣ ಯಾತ್ರೆಯನ್ನು ನಮ್ಮ ಜನ ಮರೆತಿಲ್ಲ. ಆದರೆ ಎಷ್ಟು ಮಂದಿ ಸೆರೆಯಾದರೆಂದು ಕೇಳಿದರೆ ದಾಖಲೆಗಳು ಒಂದೇ ಮಾತು ಹೇಳುವುದಿಲ್ಲ. ಶ್ರೀರಂಗಪಟ್ಟಣದಲ್ಲಿ ತಾನೂ ಸೆರೆಯಾಳಾಗಿದ್ದ ಜೇಮ್ಸ್ ಸ್ಕರಿ ಎಂಬ ಆಂಗ್ಲ ನಾವಿಕನ ನೆನಪುಗಳಲ್ಲಿ 30,000 ಎಂಬ ಸಂಖ್ಯೆ ಇದೆ; ಮನ್ರೋ ಹೇಳುವುದು 60,000. ಒಂದು ಮತ್ತೊಂದರ ಇಮ್ಮಡಿ. ಸೆರೆಹೋದವರ ಹೆಸರುಗಳನ್ನು ಊರುವಾರಾಗಿ ಬರೆದಿಟ್ಟ ಪಟ್ಟಿಯೊಂದು ನಮ್ಮ ಕೈಯಲ್ಲಿದ್ದಿದ್ದರೆ ಈ ಚರ್ಚೆಯೇ ಏಳುತ್ತಿರಲಿಲ್ಲ. ದೇವಾಲಯಗಳು ಕೆಡವಲ್ಪಟ್ಟಾಗ ಗೋಡೆಗಳ ಜೊತೆಗೆ ಹೆಸರುಗಳೂ ಅಳಿದವು.

ಇದೇ ಅರಸನ ಬೇರೊಂದು ಬಗೆಯ ಪತ್ರಗಳು ಶೃಂಗೇರಿ ಮಠದಲ್ಲಿದ್ದವು. 1791ರಲ್ಲಿ ಮರಾಠರ ದಂಡು ಮಠವನ್ನು ಸೂರೆಮಾಡಿದಾಗ ಟಿಪ್ಪು ಸ್ವಾಮಿಗಳಿಗೆ ಕನ್ನಡದಲ್ಲಿ ಪತ್ರ ಬರೆಸಿ, ಶಾರದಾದೇವಿಯ ಪುನಃಪ್ರತಿಷ್ಠೆಗೆ ದ್ರವ್ಯವನ್ನು ಕೊಡಿಸಿದ. ಮೈಸೂರು ಪ್ರಾಚ್ಯವಸ್ತು ಇಲಾಖೆಯ ಆರ್. ನರಸಿಂಹಾಚಾರ್ಯರು 1916ರಲ್ಲಿ ಆ ಪತ್ರಗಳನ್ನು ಬೆಳಕಿಗೆ ತಂದರು. ಮಠದವರು ನೂರಿಪ್ಪತ್ತೈದು ವರ್ಷ ಅವನ್ನು ಕಾಪಾಡಿಕೊಂಡು ಬಂದಿದ್ದರಿಂದಲೇ ಅದು ಸಾಧ್ಯವಾಯಿತು. ಒಂದು ಪತ್ರ ಮತ್ತೊಂದನ್ನು ಅಳಿಸುವುದಿಲ್ಲ. ಕರಾವಳಿಯವರ ಕಣ್ಣೀರೂ ನಿಜ, ಶೃಂಗೇರಿಯ ಪತ್ರಗಳೂ ನಿಜ. ಎರಡನ್ನೂ ಎದುರಿಗಿಟ್ಟುಕೊಂಡು ಬರೆಯುವವನೇ ಚರಿತ್ರಕಾರ. ಒಂದನ್ನು ಮುಚ್ಚಿಟ್ಟು ಬರೆಯುವವನು ವಕೀಲ.

ದೊಡ್ಡಸ್ವಾಮಿಯವರ ಹಸ್ತಪ್ರತಿ

ಶ್ರೀರಂಗಪಟ್ಟಣದ ಪತನಾನಂತರ ಚದುರಿಹೋಗಿದ್ದ ಮೈಸೂರು ಸೀಮೆಯ ಕ್ರೈಸ್ತರನ್ನು ಮತ್ತೆ ಒಂದುಗೂಡಿಸಿದವರು ಪ್ಯಾರಿಸ್ ಮಿಷನ್ ಸಂಸ್ಥೆಯ ಅಬ್ಬೆ ದ್ಯುಬುವಾ ಸ್ವಾಮಿಗಳು. ಜನ ಅವರನ್ನು ‘ದೊಡ್ಡಸ್ವಾಮಿಯವರು’ ಎಂದು ಕರೆದರು. 1792ರಲ್ಲಿ ಭಾರತಕ್ಕೆ ಬಂದು, ಈ ನಾಡಿನ ಉಡುಪು ಊಟಗಳನ್ನೇ ತಮ್ಮದಾಗಿಸಿಕೊಂಡು, ಹಾಸನ ಸೀಮೆಯ ಸಾತಳ್ಳಿಯಲ್ಲಿ ಕ್ರೈಸ್ತ ಒಕ್ಕಲನ್ನು ನೆಲೆಗೊಳಿಸಿ, ಸಿಡುಬಿಗೆ ದೇವಿ ಹಾಕುವ ಪದ್ಧತಿಯನ್ನು ಸಾವಿರಾರು ಜನರಿಗೆ ಮುಟ್ಟಿಸಿ, 1823ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. 1848ರಲ್ಲಿ ಪ್ಯಾರಿಸ್ಸಿನಲ್ಲಿ ದೈವಾಧೀನರಾದರು.

ಅವರ ಹೆಸರು ಲೋಕವಿಖ್ಯಾತವಾದದ್ದು ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಗ್ರಂಥದಿಂದ. ಮೈಸೂರಿನ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ಶಿಫಾರಸು ಮಾಡಿದ ಮೇಲೆ ಮದರಾಸು ಸರಕಾರ ಅದರ ಫ್ರೆಂಚ್ ಹಸ್ತಪ್ರತಿಯನ್ನು 2,000 ವರಹಗಳಿಗೆ ಕೊಂಡಿತು. 1816ರಲ್ಲಿ ಅದರ ಇಂಗ್ಲಿಷ್ ಅನುವಾದ ಲಂಡನ್ನಿನಲ್ಲಿ ಅಚ್ಚಾಯಿತು. ಸ್ವಾಮಿಗಳು ತಿದ್ದಿ ಬೆಳೆಸಿದ ಪ್ರತಿ ಮದರಾಸಿನ ದಫ್ತರದಲ್ಲಿಯೇ ಉಳಿದು, ಅದರಿಂದ ಹೊಸ ಅನುವಾದ ಹೊರಬಂದದ್ದು 1897ರಲ್ಲಿ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದುಷಿ ಲಂಡನ್ನಿನ ಇಂಡಿಯಾ ಆಫೀಸ್ ಗ್ರಂಥಾಲಯದಲ್ಲಿ ದೆವೊ ಎಂಬ ಫ್ರೆಂಚ್ ಸೈನ್ಯಾಧಿಕಾರಿಯ ಹೆಸರಿನಲ್ಲಿದ್ದ ಹಳೆಯ ಹಸ್ತಪ್ರತಿಯೊಂದನ್ನು ಪರಿಶೀಲಿಸಿ, 1987ರಲ್ಲಿ ತಮ್ಮ ಸಂಶೋಧನೆಯನ್ನು ಪ್ರಕಟಿಸಿದರು. ಅದು ಪುದುಚೇರಿಯಲ್ಲಿದ್ದ ಯೇಸುಸಭೆಯ ಗುರು ಕೆರ್ದೂ ಅವರ ಕೃತಿಯನ್ನು ಆಧರಿಸಿದ್ದೆಂದೂ, ದ್ಯುಬುವಾ ಸ್ವಾಮಿಗಳ ಗ್ರಂಥದ ಬಹುಭಾಗ ಅದರಿಂದಲೇ ಬಂದಿದೆಯೆಂದೂ ಅವರು ತೋರಿಸಿಕೊಟ್ಟರು. ಕೆರ್ದೂ ಸ್ವಾಮಿಗಳು 1779ರಲ್ಲಿಯೇ ತೀರಿಕೊಂಡಿದ್ದರು. ಅವರ ಸಂಘವನ್ನು ಪೋಪ್ 14ನೆಯ ಕ್ಲೆಮೆಂಟರು 1773ರಲ್ಲಿ ವಿಸರ್ಜಿಸಿದ್ದರು. ತಮ್ಮದೆಂದು ಹೇಳಿಕೊಳ್ಳಲು ಅವರಿಗೆ ಬಾಯಿಯೂ ಇರಲಿಲ್ಲ, ಅವರ ಪರವಾಗಿ ಹೇಳುವ ಸಂಘವೂ ಇರಲಿಲ್ಲ. ಇದೇ ಕೆರ್ದೂ ಸ್ವಾಮಿಗಳು ಸಂಸ್ಕೃತ, ಲ್ಯಾಟಿನ್, ಗ್ರೀಕ್ ಭಾಷೆಗಳ ಸಾಮ್ಯವನ್ನು 1767ರಲ್ಲಿಯೇ ಪ್ಯಾರಿಸ್ಸಿನ ವಿದ್ವತ್ಪರಿಷತ್ತಿಗೆ ಬರೆದು ತಿಳಿಸಿದ್ದರು. ಆ ಬರಹ ಅಚ್ಚಾದದ್ದು 1808ರಲ್ಲಿ. ಅಷ್ಟರೊಳಗೆ 1786ರಲ್ಲಿ ಕಲಕತ್ತೆಯಲ್ಲಿ ಅದೇ ವಿಚಾರವನ್ನು ಮಂಡಿಸಿದ ವಿಲಿಯಂ ಜೋನ್ಸ್‌ಗೆ ಕೀರ್ತಿ ಸಂದಿತ್ತು.

ಇದನ್ನು ಇಲ್ಲಿ ಬರೆಯುವುದರಿಂದ ದೊಡ್ಡಸ್ವಾಮಿಯವರ ಮೇಲಿನ ಭಕ್ತಿಗೆ ಕುಂದು ಬಂದೀತೆಂದು ಕೆಲವರಿಗೆ ಅನ್ನಿಸಬಹುದು. ನನಗೆ ಹಾಗೆ ತೋರುವುದಿಲ್ಲ. ಚದುರಿದ ಮಂದೆಯನ್ನು ಕೂಡಿಸಿದ ಪುಣ್ಯ ಅವರದೇ. ಗ್ರಂಥಕರ್ತೃತ್ವದ ಋಣ ಕೆರ್ದೂ ಅವರಿಗೆ ಸಲ್ಲಬೇಕು. ಸತ್ಯವನ್ನು ಹೇಳಲು ಧರ್ಮಸಭೆ ಅಂಜಬೇಕಾದದ್ದಿಲ್ಲ. ಇನ್ನೂರು ವರ್ಷ ಮುಚ್ಚಿಹೋಗಿದ್ದ ನ್ಯಾಯವನ್ನು ತೆರೆದು ತೋರಿಸಿದ್ದು ಗ್ರಂಥಾಲಯದ ಕಪಾಟಿನಲ್ಲಿ ಉಳಿದಿದ್ದ ಒಂದು ಕಾಗದದ ಕಟ್ಟು ಎಂಬುದಷ್ಟೇ ನಮಗೆ ಮುಖ್ಯ.

ಬಡವರ ಪತ್ರಾಗಾರ

ಹಾಗಾದರೆ ದೊರೆಗಳೂ ಅಲ್ಲದ, ಪಂಡಿತರೂ ಅಲ್ಲದ ನಮ್ಮಂಥವರ ಚರಿತ್ರೆ ಎಲ್ಲಿದೆ? ಬಹುಪಾಲು ಅದು ಧರ್ಮಕೇಂದ್ರದ ದಫ್ತರಗಳಲ್ಲಿದೆ. ಜ್ಞಾನಸ್ನಾನ ಮತ್ತು ವಿವಾಹಗಳನ್ನು ಪ್ರತಿ ಧರ್ಮಕೇಂದ್ರದಲ್ಲಿಯೂ ಬರೆದಿಡಬೇಕೆಂದು ಟ್ರೆಂಟ್ ಮಹಾಸಭೆ 1563ರಲ್ಲಿ ವಿಧಿಸಿತು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 535ನೆಯ ವಿಧಿ ದಫ್ತರಗಳನ್ನು ಸರಿಯಾಗಿ ಬರೆಯಬೇಕೆಂದಷ್ಟೇ ಹೇಳದೆ, ಹಳೆಯ ದಫ್ತರಗಳನ್ನೂ ಜಾಗರೂಕತೆಯಿಂದ ಕಾಪಾಡಬೇಕೆಂದು ಆಜ್ಞಾಪಿಸುತ್ತದೆ. ಜ್ಞಾನಸ್ನಾನದ ಒಂದು ಸಾಲಿನಲ್ಲಿ ಮಗುವಿನ ಹೆಸರು, ತಂದೆತಾಯಿಯರ ಹೆಸರು, ಜ್ಞಾನತಂದೆ ಜ್ಞಾನತಾಯಿಯರ ಹೆಸರು, ಹುಟ್ಟಿದ ದಿನ, ಸ್ಥಳ ಇರುತ್ತವೆ. ಅದರ ಬದಿಯಲ್ಲಿ ಮುಂದಿನ ದೃಢೀಕರಣ, ವಿವಾಹಗಳ ಟಿಪ್ಪಣಿ ಸೇರುತ್ತದೆ. ಹಲವು ಕುಟುಂಬಗಳಲ್ಲಿ ಮುತ್ತಜ್ಜಿಯ ಹೆಸರು ಅಕ್ಷರರೂಪದಲ್ಲಿ ಉಳಿದಿರುವುದು ಜಗತ್ತಿನಲ್ಲೆಲ್ಲ ಆ ಒಂದೇ ಸಾಲಿನಲ್ಲಿ.

ಆ ದಫ್ತರಗಳನ್ನು ಓದುವುದಕ್ಕೂ ಪರಿಶ್ರಮ ಬೇಕು. ಫ್ರೆಂಚ್ ಸ್ವಾಮಿಗಳು ಲ್ಯಾಟಿನ್ ಭಾಷೆಯಲ್ಲಿ ಬರೆಯುತ್ತಿದ್ದರು. ನಮ್ಮ ಜನರ ಹೆಸರನ್ನು ತಮ್ಮ ಕಿವಿಗೆ ಕೇಳಿದಂತೆ ರೋಮನ್ ಲಿಪಿಯಲ್ಲಿ ಹಿಡಿಯುತ್ತಿದ್ದರು. ಮನೆಯಲ್ಲಿ ರಾಯಪ್ಪನೆಂದು ಕರೆಸಿಕೊಂಡವನು ದಫ್ತರದಲ್ಲಿ ಪೇತ್ರುಸ್ ಆಗಿರಬಹುದು. ಚಿನ್ನಪ್ಪ ಪೌಲುಸ್, ಇನ್ನಾಸಪ್ಪ ಇಗ್ನಾಸಿಯುಸ್, ಚೌರಪ್ಪ ಕ್ಸಾವೇರಿಯುಸ್ ಆಗಿರಬಹುದು. ಈ ಕೀಲಿಕೈ ತಿಳಿಯದವನಿಗೆ ತನ್ನ ತಾತನೇ ಅಪರಿಚಿತನಾಗುತ್ತಾನೆ.

1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. 1881ರಲ್ಲಿ ಅದು 41,86,188. ನಡುವೆ 1876ರಿಂದ 1878ರವರೆಗೆ ಬಂದುಹೋದದ್ದು ಧಾತು ಈಶ್ವರ ಸಂವತ್ಸರಗಳ ಘೋರ ಕ್ಷಾಮ. ಸರಕಾರದ ಲೆಕ್ಕದಲ್ಲಿ ಎಂಟು ಲಕ್ಷ 69 ಸಾವಿರಕ್ಕೂ ಮೀರಿದ ಒಂದು ಕೊರತೆ ಅದು, ಒಂದು ಅಂಕಿ. ಆ ಕೊರತೆಯೊಳಗಿದ್ದವರು ಯಾರು ಎಂದು ಜನಗಣತಿ ಹೇಳುವುದಿಲ್ಲ. ಮಿಷನ್ನಿನ ಅನಾಥಾಲಯಗಳಿಗೆ ಸೇರಿದ ಮಕ್ಕಳಿಗೂ, ಸಾಯುವ ಮುನ್ನ ಗುರುಗಳನ್ನು ಕಂಡವರಿಗೂ ದಫ್ತರಗಳಲ್ಲಿ ಹೆಸರಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗಲೂ ಹಾಗೆಯೇ. ಸರಕಾರದ ಕಾಗದ ತಲೆಗಳನ್ನು ಎಣಿಸುತ್ತದೆ. ಧರ್ಮಕೇಂದ್ರದ ದಫ್ತರ ಹೆಸರು ಹಿಡಿದು ಕರೆಯುತ್ತದೆ.

ಗೋವಿಂದರಾಜನಗರದ ಪೆಟ್ಟಿಗೆಗಳು

ಈಗ ನಮ್ಮ ಬಾಗಿಲಿಗೇ ಬರೋಣ. ಮಾಗಡಿ ರಸ್ತೆಯ ಈ ಮಗ್ಗುಲು ಹಿಂದೆ ಹೊಲ, ತೋಟ, ಕೆರೆಗಳ ನೆಲ. ಹೊಸಹಳ್ಳಿ, ಮಾರೇನಹಳ್ಳಿ, ಮೂಡಲಪಾಳ್ಯ, ಅಗ್ರಹಾರ ದಾಸರಹಳ್ಳಿ ಎಂಬ ಹೆಸರುಗಳೇ ಅದಕ್ಕೆ ಸಾಕ್ಷಿ. 1945ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಲಿಯೂ, 1976ರಲ್ಲಿ ಅದರ ಸ್ಥಾನದಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವೂ ಬಂದವು, ಹೊಲಗಳು ನಿವೇಶನಗಳಾದವು. ಬಿನ್ನಿ, ಮಿನರ್ವ ಮೊದಲಾದ, ಈಗ ಮುಚ್ಚಿಹೋಗಿರುವ ಗಿರಣಿಗಳ ಕೂಗಿಗೆ ಎದ್ದು ದುಡಿಯಲು ಹೋದವರು ಈ ಭಾಗದಲ್ಲಿ ಅನೇಕರು. ಅವರ ಚರಿತ್ರೆಯನ್ನು ವೇಲ್ಸ್ ನಾಡಿನ ಗ್ರಂಥಾಲಯ ಕಾಪಾಡುವುದಿಲ್ಲ. ಲಂಡನ್ನಿನ ಕಪಾಟು ಕಾಪಾಡುವುದಿಲ್ಲ. ಅದು ನಮ್ಮ ನಿಮ್ಮ ಅಟ್ಟದ ಮೇಲಿನ ಪೆಟ್ಟಿಗೆಗಳಲ್ಲಿದೆ.

ಗಿರಣಿಯ ಹಾಜರಿ ಚೀಟಿ, ಭವಿಷ್ಯನಿಧಿಯ ಲೆಕ್ಕ, ಜಮೀನು ಸ್ವಾಧೀನದ ನೋಟೀಸು, ಪಹಣಿ, ಪಡಿತರ ಚೀಟಿ, ಕನ್ಯಾಸ್ತ್ರೀಯರ ಶಾಲೆಯ ಅಂಕಪಟ್ಟಿ, ಮೊದಲ ಪರಮಪ್ರಸಾದದ ದಿನದ ಭಾವಚಿತ್ರ, ಮರಣದ ನೆನಪಿನ ಕಾರ್ಡು, ಮಗಳು ಗಂಡನ ಮನೆಯಿಂದ ಬರೆದ ಅಂಚೆ ಕಾಗದ: ಇವುಗಳಲ್ಲಿ ಯಾವುದೂ ಕ್ಷುಲ್ಲಕವಲ್ಲ. ನೂರು ವರ್ಷಗಳ ಬಳಿಕ ಈ ಬಡಾವಣೆಯ ಚರಿತ್ರೆಯನ್ನು ಬರೆಯುವವನಿಗೆ ಇವೇ ಕೈಫಿಯತ್ತುಗಳು.

ಆದುದರಿಂದ ಓದುಗರಲ್ಲಿ ಕೆಲವು ವಿಜ್ಞಾಪನೆಗಳು. ಹಳೆಯ ಕಾಗದವನ್ನು ಓದಿ ನೋಡದೆ ತೂಕಕ್ಕೆ ಹಾಕಬೇಡಿ. ಭಾವಚಿತ್ರಗಳ ಹಿಂದೆ ಯಾರು, ಎಲ್ಲಿ, ಯಾವ ವರ್ಷ ಎಂದು ಪೆನ್ಸಿಲಿನಿಂದ ಮೆಲ್ಲಗೆ ಬರೆಯಿರಿ. ಗುರುತಿಸಬಲ್ಲ ಹಿರಿಯರು ಇರುವಾಗಲೇ ಬರೆಯಿರಿ. ಹರಿದ ಹಾಳೆಗೆ ಅಂಟುಪಟ್ಟಿ ಹಚ್ಚಬೇಡಿ, ಪ್ಲಾಸ್ಟಿಕ್ಕಿನಲ್ಲಿ ಮುದ್ರೆ ಹಾಕಿಸಬೇಡಿ. ನೆಲದ ತೇವ ತಾಗದ ಕಡೆ, ಒಣಬಟ್ಟೆಯಲ್ಲಿ ಸುತ್ತಿಡಿ. ಓಲೆಗರಿಗಳ ನಡುವೆ ಬಜೆಯ ತುಂಡನ್ನಿಟ್ಟು ಹುಳುವನ್ನು ದೂರವಿಟ್ಟ ನಮ್ಮ ಹಿರಿಯರ ಎಚ್ಚರ ನಮಗೂ ಇರಲಿ. ಇಂದಿನ ಯುವಕರ ಕೈಯಲ್ಲಿರುವ ಮೊಬೈಲಿನಿಂದಲೇ ಪ್ರತಿ ಹಾಳೆಯ ಚಿತ್ರ ತೆಗೆದಿಡಬಹುದು. ಆದರೆ ಚಿತ್ರ ತೆಗೆದೆವೆಂದು ಮೂಲವನ್ನು ಎಸೆಯಬಾರದು. ಯಾರಾದರೂ ಸಂಶೋಧನೆಗೆಂದು ಪತ್ರಗಳನ್ನು ಕೇಳಿದರೆ ಸಂತೋಷದಿಂದ ತೋರಿಸಿ; ಕೊಡುವುದಾದರೆ ಬರಹದಲ್ಲಿ ರಶೀದಿ ಪಡೆಯಿರಿ. ಮನೆಯಲ್ಲಿ ಕಾಪಾಡಲಾರದವರು ಧರ್ಮಕೇಂದ್ರದ ಗುರುಗಳನ್ನಾಗಲಿ ಬೆಂಗಳೂರಿನ ರಾಜ್ಯ ಪತ್ರಾಗಾರದವರನ್ನಾಗಲಿ ವಿಚಾರಿಸಬಹುದು.

ಅಜ್ಜಿಯ ಜಪದ ಪುಸ್ತಕದಲ್ಲಿ ಉಳಿದಿದ್ದ ಆ ಚೀಟಿಯನ್ನು ಹಿಡಿದುಕೊಂಡು ನಾನು ಅವರ ತವರಿನ ದೇವಾಲಯಕ್ಕೆ ಹೋದೆ. ಅಲ್ಲಿಯ ಗುರುಗಳು ದಫ್ತರವನ್ನು ತೆರೆದು ಸಾಲನ್ನು ತೋರಿಸಿದರು. ಅಜ್ಜಿಯ ತಾಯಿಯ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅದು ಅಲ್ಲಿತ್ತು. ಹೆಸರಿಲ್ಲದೆ ಅವರಿಗಾಗಿ ಪ್ರಾರ್ಥಿಸುತ್ತಿದ್ದ ನಾವು ಆ ವರ್ಷ ನವೆಂಬರ್ 2ರ ಸಕಲ ಮೃತರ ದಿನದಂದು ಹೆಸರು ಹೇಳಿ ಪೂಜೆ ಮಾಡಿಸಿದೆವು. ತೂಕಕ್ಕೆ ಹಾಕಿದ ಪೆಟ್ಟಿಗೆಯಲ್ಲಿ ಇನ್ನೆಷ್ಟು ಹೆಸರುಗಳಿದ್ದವೋ, ದೇವರೇ ಬಲ್ಲ. ಈ ಶತಮಾನೋತ್ಸವದ ವರ್ಷದಲ್ಲಿ ಪ್ರತಿಯೊಂದು ಕುಟುಂಬವೂ ತನ್ನ ಪೆಟ್ಟಿಗೆಯನ್ನು ಒಮ್ಮೆ ಕೆಳಗಿಳಿಸಿ ತೆರೆದು ನೋಡಲೆಂದು ಹಾರೈಸುತ್ತೇನೆ.